ಆಷಾಢದಲ್ಲಿ ಕಾರಿಗೆ ಬಣ್ಣ ಹೊಡೆದ ಕೋದಂಡಪ್ಪ

ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಕೆಲಸವೆಲ್ಲ ಕೈಯಿಲ್ಲದವರಿಗೆ ಎಂಬುದು ಚಿನ್ನದ ಗಣಿಯೂರು ಚಾಂಪಿಯನ್ ರೀಫ್‌ನ ಕೋದಂಡಪ್ಪನ ಸಿದ್ಧಾಂತ. ಆತನಿಗೆ ಎರಡು ಕೈಗಳೂ ನೆಟ್ಟಗಿದ್ದವು. ಹಾಗಾಗಿ ತನ್ನ ತಲೆಯ ಕ್ಷೌರವನ್ನು ತಾನೇ ಮಾಡಿಕೊಳ್ಳುತ್ತಿದ್ದ; ಹಿಂಭಾಗ ತನಗೆ ಕಾಣುವುದಿಲ್ಲವಾದ್ದರಿಂದ ಅದರ ಚಿಂತೆಯನ್ನು ನೋಡುವವರಿಗೆ ಬಿಟ್ಟಿದ್ದ. ಚಪ್ಪಲಿ ಕಿತ್ತರೆ ತಾನೇ ಹೊಲಿಯುತ್ತಿದ್ದ, ಕೊಡೆ ಮುರಿದರೆ ತಾನೇ ಕಟ್ಟುತ್ತಿದ್ದ. ಆತ ಕಟ್ಟಿದ ಕೊಡೆ ಒಮ್ಮೆ ಬಿಚ್ಚಿಕೊಂಡರೆ ಮತ್ತೆ ಮುಚ್ಚುತ್ತಿರಲಿಲ್ಲ, ಮಳೆಗಾಲವಿಡೀ ಬಸ್ಸಿನ ಕಂಡಕ್ಟರಿಗೂ ಆತನಿಗೂ ಜಗಳ ತಪ್ಪುತ್ತಿರಲಿಲ್ಲ. ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದಾಗ ಮೂರು ಚಕ್ರಗಳು ಹೊರಗೇ ಮಿಕ್ಕಿದವು. "ಮಾಡ್ದೋರು ಸುಮ್ಕೆ ಜಾಸ್ತಿ ಆಕವ್ರೆ" ಎಂದು ಅವನ್ನು ಡಬ್ಬಿಯಲ್ಲಿ ಹಾಕಿಟ್ಟ. ಅಂದಿನಿಂದ ಆ ಮನೆಯಲ್ಲಿ ದಿನಕ್ಕೆ ಇಪ್ಪತ್ತೆರಡೇ ಗಂಟೆ. ಹೆಂಡತಿ ಮುನಿರತ್ನಮ್ಮ ಅದಕ್ಕೂ ಹೊಂದಿಕೊಂಡಳು. ಅಂಥ ಗಂಡನಿಗೆ ಹೊಂದಿಕೊಂಡವಳಿಗೆ ಗಡಿಯಾರ ಯಾವ ಲೆಕ್ಕ.

ಕ್ಯಾಸಂಬಳ್ಳಿ ಕಡೆಯ ರಾಗಿ ಹೊಲದ ಮನೆಯಿಂದ ಇಪ್ಪತ್ತನೇ ವಯಸ್ಸಿಗೆ ಗಣಿಗೆ ಬಂದ ಕೋದಂಡಪ್ಪ, ಶಾಫ್ಟಿನೊಳಕ್ಕೆ ಆಳುಗಳನ್ನು ಇಳಿಸಿ ಹತ್ತಿಸುವ ದೊಡ್ಡ ಯಂತ್ರದ ಡ್ರೈವರ್ ಆಗಿದ್ದ. ಕೆಳಗಿನಿಂದ ಗಂಟೆ ಬಾರಿಸಿದರೆ ಹಿಡಿಕೆ ಎಳೆಯಬೇಕು, ಮತ್ತೆ ಬಾರಿಸಿದರೆ ನಿಲ್ಲಿಸಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ಇಪ್ಪತ್ತೆಂಟು ವರ್ಷ ಹೀಗೆ ಬೇರೆಯವರ ಗಂಟೆಗೆ ಕೈ ಆಡಿಸಿ ಆಡಿಸಿ ಆತನಿಗೆ ಎದುರಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಯಾರು ಏನು ಕೇಳಿದರೂ ಬಾಯಿಂದ ಬರುತ್ತಿದ್ದುದು "ಆಗ್ಲಿ" ಎಂಬ ಒಂದೇ ಮಾತು. ಸಾಲ ಕೇಳಿದವರಿಗೂ ಆಗ್ಲಿ, ಏಣಿ ಕೇಳಿದವರಿಗೂ ಆಗ್ಲಿ. ಏಣಿ ಮಾತ್ರ ಎರಡು ಮೆಟ್ಟಿಲು ಕಡಿಮೆಯಾಗಿ ವಾಪಸು ಬರುತ್ತಿತ್ತು.

ಎಂಬತ್ತಮೂರನೇ ಇಸವಿಯ ಬೇಸಗೆಯಲ್ಲಿ ಮಗಳು ವರಲಕ್ಷ್ಮಮ್ಮನಿಗೆ ಸಂಬಂಧ ಬಂತು. ಮನೆಯಲ್ಲಿ ಅವಳನ್ನು ವರಾಲು ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿ ಹೊಲಿಗೆ ಕಲಿತು, ಗಣಿಯವರ ಸಾಲುಮನೆಗಳ ಆ ಲೈನಿನ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದ ಹುಡುಗಿ. ಮಾತು ಕಮ್ಮಿ, ಆದರೆ ಆಡಿದ ಮಾತು ಅಳತೆಗೆ ಸರಿಯಾಗಿರುತ್ತಿತ್ತು. ಗಂಡಿನ ಕಡೆಯವರು ಬಂಗಾರಪೇಟೆಯವರು. ಹುಣಸೆಹಣ್ಣಿನ ಮಂಡಿ ರಾಮಚಂದ್ರಪ್ಪ ಎಂದರೆ ಸ್ಟೇಷನ್ ಬಜಾರಿನಲ್ಲಿ ಎಲ್ಲರಿಗೂ ಗೊತ್ತು. ರೈತರು ತಂದ ಬುಟ್ಟಿಯ ಮೇಲಿನ ಹಣ್ಣನ್ನು ಆತ ಎಂದೂ ನಂಬಿದವನಲ್ಲ. ಸೊಂಟದಲ್ಲಿ ಸದಾ ಒಂದು ಸಣ್ಣ ಚಾಕು, ಅದರಿಂದ ತಳದವರೆಗೆ ಬಗೆದು, ಒಂದು ಚೂರನ್ನು ನಾಲಿಗೆಗೆ ಇಟ್ಟುಕೊಂಡೇ ಬೆಲೆ ಹೇಳುವವನು. ಮಗ ಆದಿನಾರಾಯಣ ಪಕ್ಕದಲ್ಲಿ ಕೂತು ಅಪ್ಪ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಹುಡುಗನ ಗುಣ ಏನೆಂದು ಕೇಳಿದರೆ ಬಂಗಾರಪೇಟೆಯಲ್ಲಿ ಅವನ ಅಕ್ಷರ ದುಂಡಗಿದೆ ಎನ್ನುತ್ತಿದ್ದರು.

ಹೆಣ್ಣು ನೋಡುವ ಶಾಸ್ತ್ರ ಹತ್ತು ನಿಮಿಷದಲ್ಲಿ ಮುಗಿಯಿತು. ವರಾಲು ಉಪ್ಪಿಟ್ಟು ತಂದಿಟ್ಟಳು, ನಮಸ್ಕಾರ ಮಾಡಿದಳು, ಹೆಸರು ಹೇಳಿದಳು, ಒಳಗೆ ಹೋದಳು. ಆಮೇಲೆ ರಾಮಚಂದ್ರಪ್ಪ ಕೈ ತೊಳೆದುಕೊಂಡು, "ನಮಗೇನೂ ಬೇಡ ಬೀಗ್ರೇ. ಉಡುಗನಿಗೆ ಒಂದು ಸ್ಕೂಟರ್ ಕೊಡ್ಸಿಬಿಡಿ ಸಾಕು" ಎಂದ.

ಆಗಿನ ಕಾಲದಲ್ಲಿ ಸ್ಕೂಟರ್ ಎಂದರೆ ತಮಾಷೆಯಲ್ಲ. ಇವತ್ತು ಬುಕ್ ಮಾಡಿದರೆ ಹುಟ್ಟುವ ಮಗು ಶಾಲೆಗೆ ಸೇರುವ ಹೊತ್ತಿಗೆ ಬರುತ್ತಿತ್ತು. ಕೂಡಲೇ ಬೇಕೆಂದರೆ ಬುಕ್ ಮಾಡಿದವನ ಕೈಕಾಲು ಹಿಡಿದು ದುಪ್ಪಟ್ಟು ಸುರಿಯಬೇಕು. ಕೋದಂಡಪ್ಪ ತಲೆ ಕೆರೆದುಕೊಳ್ಳುತ್ತಿದ್ದಾಗ, ಕಿಟಕಿಯಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಪೆರುಮಾಳ್ ಸನ್ನೆ ಮಾಡಿ ಕರೆದ. ಪೆರುಮಾಳ್ ಗಣಿಯಿಂದ ರಿಟೈರ್ ಆದವನು; ಆಮೇಲಿನ ಅವನ ಉದ್ಯೋಗ ಸಲಹೆ ಕೊಡುವುದು.

"ಕೋದಂಡಣ್ಣ, ಆಸ್ಟ್ರೇಲಿಯಾ ಹೋಗ್ತಾರಲ್ಲ ನಮ್ ಫೋರ್‌ಮನ್ ದೊರೆ, ಅವರ್ದು ಹಳೇ ಕಾರ್ ನಿಂತಿದೆ. ಸ್ಕೂಟರ್‌ಗಿಂತ ಕಮ್ಮಿಗೆ ಬಿಡ್ತಾರೆ. ಕಾರ್ ಅಂದ್ರೆ ಕಾರ್ ತಾನೇ?"

ಕೋದಂಡಪ್ಪನ ಎದೆ ಅರಳಿತು. ನಡುಮನೆಗೆ ಬಂದು, ಜೀವನದಲ್ಲಿ ಮೊದಲ ಸಲ ಯಾರೂ ಕೇಳದ್ದನ್ನು ಕೊಟ್ಟ. "ಸ್ಕೂಟರ್ ಯಾಕ್ ಬೀಗ್ರೇ, ಕಾರೇ ಕೊಡ್ತೀನಿ ಬಿಡಿ."

ರಾಮಚಂದ್ರಪ್ಪನಿಗೆ ಬಾಯಲ್ಲಿದ್ದ ಎಲೆ ಅಡಿಕೆ ನೆತ್ತಿಗೆ ಹತ್ತಿತು. ಕಾರು ಹೊಸದೋ ಹಳೆಯದೋ ಎಂದು ಆತ ಕೇಳಲಿಲ್ಲ, ಕೇಳಿದರೆ ಮಾತು ಎಲ್ಲಿ ಹಿಂದೆ ಹೋಗುತ್ತದೋ ಎಂಬ ಭಯ. ಕೋದಂಡಪ್ಪನೂ ಹೇಳಲಿಲ್ಲ, ಕೇಳದವರಿಗೆ ಹೇಳುವುದು ಆತನ ಪದ್ಧತಿಯಲ್ಲ. ಸಂಜೆಯೊಳಗೆ ಬಂಗಾರಪೇಟೆಯ ಬಜಾರಿನಲ್ಲಿ ಸುದ್ದಿ ಹರಡಿತು. ಸ್ಕೂಟರಿಗೆ ಒಪ್ಪಿಕೊಂಡಿದ್ದ ಇನ್ನಿಬ್ಬರು ಗಂಡಿನ ತಂದೆಯರಿಗೆ ಅಂದು ಊಟ ಸೇರಲಿಲ್ಲವಂತೆ.

ಕಾರು ಮನೆಗೆ ಬಂದದ್ದು ಆರು ಜನರ ತಳ್ಳಾಟದಿಂದ. ಸ್ಟಿಯರಿಂಗ್ ಹಿಡಿದು ಪೆರುಮಾಳ್ ಒಳಗೆ ಕೂತಿದ್ದ, ದಾರಿ ತೋರಿಸಬೇಕಲ್ಲ. ಅದು ಯಾವುದೋ ಕಾಲದ ವಿಲಾಯತಿ ಕಾರು. ಹೆಸರಿನ ಅಕ್ಷರಗಳೆಲ್ಲ ಉದುರಿ ಎರಡೇ ಉಳಿದಿದ್ದರಿಂದ ಅದರ ಕುಲಗೋತ್ರ ಯಾರಿಗೂ ತಿಳಿಯದು. ನಾಲ್ಕು ವರ್ಷದಿಂದ ಅದರೊಳಗೆ ಫೋರ್‌ಮನ್ನನ ಕೋಳಿಗಳು ಸಂಸಾರ ಮಾಡಿಕೊಂಡಿದ್ದವು. ಕೋದಂಡಪ್ಪ ಎಂಜಿನ್ನನ್ನು ಒಂದು ತಿಂಗಳು ಬಿಚ್ಚಿ ಜೋಡಿಸಿದ. ಈ ಸಲವೂ ಕೆಲವು ಸಾಮಾನು ಮಿಕ್ಕಿದವು, ಆದರೂ ಅದೃಷ್ಟಕ್ಕೆ ಎಂಜಿನ್ ಕೆಮ್ಮುತ್ತ ಕೆಮ್ಮುತ್ತ ಓಡಿತು. ಮೈ ಮಾತ್ರ ನೋಡುವ ಹಾಗಿರಲಿಲ್ಲ. ಬಾಗಿಲುಗಳು ನೆಗ್ಗಿದ್ದವು, ನೀಲಿ ಬಣ್ಣ ಸಿಪ್ಪೆಯೆದ್ದು ಅದರಡಿಯ ಕಪ್ಪು, ಕಪ್ಪಿನಡಿಯ ಹಸಿರು ಎಲ್ಲವೂ ಕಾಣುತ್ತಿದ್ದವು.

ಬಂಗಾರಪೇಟೆಯ ಲಾರಿ ಪೇಂಟರ್ ಬಂದು ಸುತ್ತ ನೋಡಿ ಒಂದು ಮೊತ್ತ ಹೇಳಿದ. ಅದನ್ನು ಕೇಳಿದ ಕೋದಂಡಪ್ಪ, ಅಷ್ಟರಲ್ಲಿ ಪೇಂಟರನ ಮಗಳ ಮದುವೆಯನ್ನೂ ಮಾಡಿಬಿಡಬಹುದು ಎಂದುಕೊಂಡ. "ಆಗ್ಲಿ, ಏಳ್ತೀನಿ" ಎಂದು ಅವನನ್ನು ಕಳಿಸಿ, ಉಪ್ಪುಕಾಗದ ತಂದು ಅಂಗಳದಲ್ಲಿ ಕೂತ.

ಅಷ್ಟರಲ್ಲಿ ಆಷಾಢ ಹತ್ತಿರ ಬಂದಿತ್ತು. ಮದುವೆ ಶ್ರಾವಣಕ್ಕೆ. ಆದರೆ ಕಾರನ್ನು ಮುಂಚೆಯೇ ಒಮ್ಮೆ ನೋಡಿಬಿಡುತ್ತೇವೆ ಎಂದು ರಾಮಚಂದ್ರಪ್ಪ ಹೇಳಿ ಕಳಿಸಿದ್ದ. ಆಷಾಢದಲ್ಲಿ ಹೆಣ್ಣನ್ನು ನೋಡಬಾರದು ನಿಜ, ಆದರೆ ಕಾರನ್ನು ನೋಡಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲವಂತೆ.

"ಆಷಾಡದಾಗೆ ಒಸಾ ಕೆಲ್ಸ ಸುರು ಮಾಡ್ಬಾರ್ದು. ಮೊದ್ಲೇ ಮಗಳ ಮದ್ವೆ ವಿಚಾರ" ಎಂದು ಮುನಿರತ್ನಮ್ಮ ಅಡ್ಡ ಬಂದಳು.

ಕೋದಂಡಪ್ಪ ಇದಕ್ಕೂ ದಾರಿ ಕಂಡುಹಿಡಿದ. ಜ್ಯೇಷ್ಠದ ಕೊನೆಯ ಶುಕ್ರವಾರ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಅದರ ಪಕ್ಕದಲ್ಲಿ ಬೆರಳಿನಿಂದ ಒಂದು ಬೊಟ್ಟು ಬಣ್ಣ ಇಟ್ಟುಬಿಟ್ಟ. ಕೆಲಸ ಜ್ಯೇಷ್ಠದಲ್ಲೇ ಶುರುವಾದಂತಾಯಿತು. ಇನ್ನು ಆಷಾಢದಲ್ಲಿ ಮುಂದುವರಿಸಿದರೆ ದೋಷವಿಲ್ಲ. ಪಂಚಾಂಗದ ಕಣ್ಣಿಗೆ ಮಣ್ಣೆರಚಿದ ಖುಷಿಯಲ್ಲಿ ಗಂಡ ಹೆಂಡಿರಿಬ್ಬರೂ ಆಷಾಢದಲ್ಲಿ ಬೀಸುವುದು ಗಾಳಿ ಎಂಬುದನ್ನು ಮರೆತರು. ಇವರ ಲೈನಿನ ಪಡುವಣಕ್ಕೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಸೈನೈಡ್ ದಿಬ್ಬ. ಚಿನ್ನ ತೆಗೆದುಕೊಂಡು ಬಿಸಾಡಿದ ಕಲ್ಲಿನ ಹಿಟ್ಟು ನೂರು ವರ್ಷದಿಂದ ಬೆಟ್ಟವಾಗಿ ಬೆಳೆದು ನಿಂತಿದ್ದು. ಆಷಾಢದ ಗಾಳಿಗೆ ಆ ಹಿಟ್ಟು ಎದ್ದರೆ ಮುಚ್ಚಿದ ಪಾತ್ರೆಯೊಳಗಿನ ಸಾರಿಗೂ ಬೀಳುತ್ತಿತ್ತು. ಅದಕ್ಕೇ ಅಲ್ಲಿನ ಹೆಂಗಸರು ಆ ತಿಂಗಳಿಡೀ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು.

ಹಳೆಯ ಬಣ್ಣ ಉಜ್ಜಿ ತೆಗೆಯಲು ಮೂರು ವಾರ ಹಿಡಿಯಿತು. ಕೋದಂಡಪ್ಪನ ಶಿಫ್ಟು ಮುಗಿಯುವವರೆಗೆ ಉಜ್ಜುತ್ತಿದ್ದವಳು ವರಾಲು. ನೀರು ಚಿಮುಕಿಸಿ ಉಪ್ಪುಕಾಗದದಿಂದ ತಿಕ್ಕುವುದು, ನೆಗ್ಗಿದಲ್ಲಿಗೆ ಪುಟ್ಟಿಯ ಲಪ್ಪ ತುಂಬುವುದು, ಒಣಗಿದ ಮೇಲೆ ಮತ್ತೆ ತಿಕ್ಕುವುದು. ಅವಳ ಬೆರಳ ತುದಿಗಳು ಸವೆದು ಸೂಜಿ ಹಿಡಿಯಲು ಬಾರದೆ, ಲೈನಿನ ಹೆಂಗಸರ ರವಿಕೆಗಳು ಅರ್ಧಕ್ಕೇ ನಿಂತವು. ತನ್ನ ವರದಕ್ಷಿಣೆಯನ್ನು ತಾನೇ ತಿಕ್ಕಿ ಹೊಳಪೇರಿಸಿದ ಹೆಣ್ಣು ಲೋಕದಲ್ಲಿ ಇವಳೊಬ್ಬಳೇ ಇರಬೇಕು. ಕೋದಂಡಪ್ಪ ಅದನ್ನು ನೋಡದೆ ಇರಲಿಲ್ಲ. ನೋಡಿದಾಗಲೆಲ್ಲ "ಆಯ್ತವ್ವ, ಇನ್ನೊಂಚೂರು" ಎಂದು ಬೇರೆ ಕಡೆ ತಿರುಗುತ್ತಿದ್ದ.

ಬಣ್ಣ ಬಂದದ್ದು ಬಂಗಾರಪೇಟೆಯಲ್ಲಿ ಲಾರಿ ಬಾಡಿ ಕಟ್ಟುವವರ ಷೆಡ್ಡಿನಿಂದ. ಅಲ್ಲಿ ತಳ ಉಳಿದ ಡಬ್ಬಿಗಳನ್ನು ಚಿಲ್ಲರೆ ಕಾಸಿಗೆ ಕೊಡುತ್ತಿದ್ದರು. ಕ್ರೀಮ್ ಅರ್ಧ, ಬಿಳಿ ಕಾಲು, ಹಳದಿ ಒಂದಿಷ್ಟು. ಎಲ್ಲವನ್ನೂ ಬಟ್ಟೆ ಒಗೆಯುವ ಟಬ್ಬಿಗೆ ಸುರಿದು, ಟರ್ಪೆಂಟೈನ್ ಬೆರೆಸಿ, ಕೈಗೆ ಸಿಕ್ಕ ಮುದ್ದೆ ಕೋಲಿನಿಂದ ಕೋದಂಡಪ್ಪ ತಿರುವಿದ. ಆಮೇಲೆ ಒಂದು ತಿಂಗಳು ಆ ಮನೆಯ ಮುದ್ದೆ ಉಂಡವರು ಬೆಂಕಿಯ ಹತ್ತಿರ ಕೂರಲು ಹೆದರುತ್ತಿದ್ದರು. ಟಬ್ಬಿನಲ್ಲಿ ಮೂಡಿದ್ದು ಹುಳಿ ಮಜ್ಜಿಗೆಗೂ ಹೆಸರುಬೇಳೆ ಪಾಯಸಕ್ಕೂ ನಡುವಿನ ಒಂದು ಬಣ್ಣ. ಅದನ್ನು ಹಳೆಯ ಪಂಚೆಯಲ್ಲಿ ಸೋಸಿ, ಸೊಳ್ಳೆಗೆ ಔಷಧಿ ಹೊಡೆಯುವ ಫ್ಲಿಟ್ ಪಂಪಿಗೆ ತುಂಬಿದ.

"ಇದ್ರಲ್ಲಿ ಕಾರಿಗ್ ಒಡೀತೀರಾ?" ಎಂದಳು ಮುನಿರತ್ನಮ್ಮ.

"ಸೊಳ್ಳೆ ಸಾಯಲ್ವಾ ಇದ್ರಿಂದ? ಅಂಗೇ ಇದೂ" ಎಂದ ಕೋದಂಡಪ್ಪ. ಈ ಉತ್ತರದ ಅರ್ಥ ಇವತ್ತಿಗೂ ಯಾರಿಗೂ ಆಗಿಲ್ಲ.

ಮೊದಲ ಕೋಟು, ಸತ್ಯ ಹೇಳಬೇಕೆಂದರೆ, ಚೆನ್ನಾಗಿಯೇ ಕೂತಿತು. ಹೊತ್ತು ಮೂಡುವ ವೇಳೆ ಗಾಳಿ ಇರುವುದಿಲ್ಲ. ಕಾರಿನ ಸುತ್ತ ಬಿದಿರ ಗಳ ನೆಟ್ಟು, ಮನೆಯ ಹೊದಿಕೆ ಸೀರೆಗಳನ್ನೆಲ್ಲ ಒದ್ದೆ ಮಾಡಿ ಕಟ್ಟಿ ಡೇರೆ ಹಾಕಿದ್ದರು. ಲೈನಿನ ಜನ ಬಂದು ನೋಡಿ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಟಬ್ಬಿನಲ್ಲಿ ಇನ್ನೂ ಬಣ್ಣ ಉಳಿದಿತ್ತು, ಕೋದಂಡಪ್ಪ ಉಳಿದದ್ದನ್ನು ಚೆಲ್ಲುವವನಲ್ಲ. ಬೀಗರು ಬರುವ ಭಾನುವಾರದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಎರಡನೆಯ ಕೋಟಿಗೆ ನಿಂತ. ಫ್ಲಿಟ್ ಪಂಪು ನಡುವೆ ಕಟ್ಟಿಕೊಂಡಿತು. ಅದನ್ನು ತಾನೇ ರಿಪೇರಿ ಮಾಡುವಷ್ಟರಲ್ಲಿ ಹೊತ್ತು ಏರಿತು. ಕೊನೆಯ ಮಡ್‌ಗಾರ್ಡ್ ಮುಗಿಸಿ ಪಂಪು ಕೆಳಗಿಡುವುದಕ್ಕೂ, ದಿಬ್ಬದ ಕಡೆಯಿಂದ ಗಾಳಿ ಏಳುವುದಕ್ಕೂ ಸರಿಹೋಯಿತು.

ಡೇರೆ ಮೊದಲು ಉಬ್ಬಿತು, ಆಮೇಲೆ ಹಾರಿತು. ಒದ್ದೆ ಹೊದಿಕೆಯೊಂದು ಸಲಹೆ ಕೊಡುತ್ತ ನಿಂತಿದ್ದ ಪೆರುಮಾಳನ ಮುಖಕ್ಕೆ ಸುತ್ತಿಕೊಂಡು ಅವನ ಮಾತನ್ನು ಅರ್ಧದಲ್ಲೇ ನಿಲ್ಲಿಸಿತು. ಬಿಳಿಚಿದ ಹಿಟ್ಟಿನ ಮೋಡ ಲೈನಿನ ಮೇಲೆ ಇಳಿದು, ಹಸಿ ಬಣ್ಣದ ಕಾರನ್ನು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಮುಚ್ಚಿತು. ಕಾಲು ಗಂಟೆಯ ನಂತರ ಗಾಳಿ ತಗ್ಗಿದಾಗ ಕಾರು, ಎಣ್ಣೆಗೆ ಬಿಡುವ ಮೊದಲು ರವೆಯಲ್ಲಿ ಹೊರಳಿಸಿದ ಬಾಳೆಕಾಯಿಯ ಹಾಗೆ ನಿಂತಿತ್ತು.

ಕೋದಂಡಪ್ಪ ಒರೆಸಲು ಹೋದರೆ ಬಣ್ಣವೇ ಎದ್ದು ಬರುತ್ತಿತ್ತು. ಮತ್ತೆ ಹೊಡೆಯಲು ಬಣ್ಣವಿಲ್ಲ, ತರಲು ಕಾಸಿಲ್ಲ, ನಾಳೆ ಬೀಗರು.

"ನಿನ್ ಮದ್ವೆ ನನ್ ಕೈಯಾರೆ ಕೆಡಿಸ್ಬಿಟ್ನಲ್ಲವ್ವಾ" ಎಂದು ಆತ ಅತ್ತೇಬಿಟ್ಟ. ಮದುವೆಯಾದಂದಿನಿಂದ ಗಂಡ ಅತ್ತದ್ದನ್ನು ಮುನಿರತ್ನಮ್ಮ ಕಂಡಿರಲಿಲ್ಲ. ಬೈಯಲು ಬಂದವಳು ಸೆರಗಿನಿಂದ ಆತನ ಮುಖದ ಬಣ್ಣ ಒರೆಸಿದಳು.

"ಮುಟ್ಬೇಡಪ್ಪ, ಒಣಗ್ಲಿ" ಎಂದಳು ವರಾಲು. "ಅವ್ರು ಬಂದು ಬೇಡ ಅಂದ್ರೆ ಅಂತಾರೆ."

ಭಾನುವಾರ ರಾಮಚಂದ್ರಪ್ಪ ಮಗನ ಜತೆ ಹತ್ತು ಗಂಟೆಯ ಬಸ್ಸಿಗೆ ಬಂದಿಳಿದ. ಹೆಣ್ಣು ನೋಡಲು ಹತ್ತು ನಿಮಿಷ ಸಾಕಾಗಿದ್ದವನಿಗೆ ಕಾರು ನೋಡಲು ಎರಡು ಗಂಟೆ ಹಿಡಿಯಿತು. ಕಾರನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ನೋಡಿದ. ಹಾರನ್ ಒತ್ತಿ ದನಿ ಕೇಳಿದ. ಹಿಂದಿನ ಸೀಟಿನಲ್ಲಿ ಕೂತು ಎದ್ದು, ಕೂತು ಎದ್ದು ಸ್ಪ್ರಿಂಗ್ ಪರೀಕ್ಷಿಸಿದ. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಿದರು ಎಂಬ ಗಾದೆ ಕೇಳಿದ್ದ ಲೈನಿನ ಜನ ಅಂದು ಅದನ್ನು ಕಣ್ಣಾರೆ ಕಂಡರು. ಡಿಕ್ಕಿ ತೆಗೆದಾಗ ಒಂದು ಕೋಳಿಯ ಪುಕ್ಕ ಹಾರಿ ಆದಿನಾರಾಯಣನ ತಲೆಯ ಮೇಲೆ ಕೂತಿತು. ಅಪ್ಪ ಹೇಳದಿದ್ದರಿಂದ ಅವನು ಅದನ್ನು ತೆಗೆಯಲಿಲ್ಲ.

ಕೊನೆಗೆ ರಾಮಚಂದ್ರಪ್ಪ ಬಾನೆಟ್ಟಿನ ಮೇಲೆ ಅಂಗೈ ಆಡಿಸಿದ. ಹುಬ್ಬು ಗಂಟಾಯಿತು.

"ಏನ್ ಬೀಗ್ರೇ ಇದು? ಮೈಯೆಲ್ಲಾ ದಡಿಕೆ ಎದ್ದಂಗೈತೆ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಕೋದಂಡಪ್ಪನಿಗೆ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ. ಸಾವಿರವನ್ನೂ ಕೈಯಲ್ಲಿಟ್ಟುಕೊಂಡಿದ್ದವನು ಪೆರುಮಾಳ್. ನಿನ್ನೆ ತಿಂದ ಹಿಟ್ಟನ್ನು ಇನ್ನೂ ಉಗಿಯುತ್ತಿದ್ದ ಅವನು ಮುಂದೆ ಬಂದ.

"ಸಾರ್, ಅದು ಸುಮ್ನೆ ಮಣ್ಣು ಅಂತ ತಿಳ್ಕೋಬೇಡಿ. ದಿಬ್ಬದ್ದು ಸಾರ್! ಅದ್ರೊಳಗೆ ತಂಗಂ ಇದೆ, ತಂಗಂ! ಚಿನ್ನ! ಬಿಳೀ ದೊರೆಗಳ ಕೈಗೂ ಸಿಗ್ದೆ ಉಳ್ಕೊಂಡಿದ್ದು. ಕೋದಂಡಣ್ಣ ಗಾಳಿ ಬರೋ ದಿನ ಕಾದು, ಹಸಿ ಬಣ್ಣಕ್ಕೆ ಹಿಡ್ಸಿದ್ದಾರೆ. ಬಿಸಿಲಲ್ಲಿ ನೋಡಿ ಸಾರ್, ಹೆಂಗೆ ಮಿಣಿಮಿಣಿ ಅಂತಿದೆ!"

ಕಲ್ಲಿನ ಹಿಟ್ಟು ಬಿಸಿಲಿಗೆ ಮಿಣುಗುವುದು ನಿಜ. ಅದರಲ್ಲಿ ಚಿನ್ನ ಇದೆ ಎಂಬುದು ಅಲ್ಲಿನವರು ಎಲ್ಲರೂ ಹೇಳುವ, ಯಾರೂ ನೆಚ್ಚದ ಮಾತು. ಒಂದು ಉಂಗುರಕ್ಕಾಗುವಷ್ಟು ಸಿಗಬೇಕಾದರೆ ಒಂದು ಬೀದಿಯನ್ನು ಮುಚ್ಚುವಷ್ಟು ಹಿಟ್ಟು ತೊಳೆಯಬೇಕೆಂದು ಲೈನಿನ ಮಕ್ಕಳಿಗೂ ಗೊತ್ತು. ಆದರೆ ಬಂಗಾರಪೇಟೆ ಕೆಲವು ಮೈಲಿ ಆಚೆಗಿದೆ, ಅಷ್ಟು ದೂರದಿಂದ ನೋಡಿದರೆ ದಿಬ್ಬ ಹೊಳೆಯುತ್ತದೆ.

ರಾಮಚಂದ್ರಪ್ಪನ ಮುಖದ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. "ಬಿಸ್ಲು ಜಾಸ್ತಿ. ಒಂದ್ ಚೊಂಬು ನೀರ್ ತತ್ತೀರಾ ಬೀಗ್ರೇ?" ಎಂದ. ಪೆರುಮಾಳನನ್ನು ಎಲೆ ಅಡಿಕೆಗೆಂದು ಅಂಗಡಿಗೆ ಕಳಿಸಿದ.

ಕೋದಂಡಪ್ಪ ಒಳಗೆ ಬಂದು ಚೊಂಬಿಗೆ ನೀರು ತುಂಬಿದ. ಕಿಟಕಿಯ ಒದ್ದೆ ಬಟ್ಟೆಯ ಅಂಚಿನಲ್ಲಿ ನಿಂತು ವರಾಲು ಹೊರಗೆ ನೋಡುತ್ತಿದ್ದಳು. ಕೈಯಲ್ಲಿ ಕಾಫಿ ಲೋಟಗಳ ತಟ್ಟೆ. ಆತನೂ ಅವಳ ಭುಜದ ಮೇಲಿಂದ ಇಣುಕಿದ.

ರಾಮಚಂದ್ರಪ್ಪ ಅತ್ತಿತ್ತ ನೋಡಿ, ಸೊಂಟದಿಂದ ಚಾಕು ತೆಗೆದು, ಕಾರಿನ ಹಿಂಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ಆದಿನಾರಾಯಣ ಕೆಳಗೆ ಕರವಸ್ತ್ರ ಹಿಡಿದ. ಕರ್ ಕರ್ ಎಂದು ಚಾಕು ಓಡಿತು. ಮಜ್ಜಿಗೆ ಬಣ್ಣ ಹೋಯಿತು. ವರಾಲು ತಿಕ್ಕಿ ಸಮ ಮಾಡಿದ್ದ ಲಪ್ಪ ಹೋಯಿತು. ಚಾಕು ತಗಡನ್ನು ಮುಟ್ಟಿದ ಮೇಲೆಯೇ ಆತ ಕೈ ನಿಲ್ಲಿಸಿದ್ದು. ಆಮೇಲೆ ಕರವಸ್ತ್ರದಿಂದ ಒಂದು ಚೂರು ಎತ್ತಿ, ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ರುಚಿ ನೋಡಿದ.

ಕೋದಂಡಪ್ಪನಿಗೆ ಮೊದಲು ಆದದ್ದು ಸಂತೋಷ, ಅದನ್ನು ಮುಚ್ಚಿಡುವುದೇಕೆ. ಬೀಗ ನಂಬಿದ, ಮದುವೆ ಉಳಿಯಿತು, ಊರಿನ ಮುಂದೆ ಮಾನ ಉಳಿಯಿತು! 'ಬಚಾವಾದ್ವಿ' ಎಂದು ಹೇಳಲು ನಗುತ್ತ ಮಗಳ ಕಡೆ ತಿರುಗಿದ. ಅವಳು ನಗುತ್ತಿರಲಿಲ್ಲ. ತಟ್ಟೆ ಹಿಡಿದಿದ್ದ ಆ ಹತ್ತು ಬೆರಳುಗಳ ಚರ್ಮ ಸುಲಿದು, ಉಗುರುಗಳು ಸವೆದುಹೋಗಿದ್ದವು. ಮೂರು ವಾರ ಕಣ್ಣು ತಪ್ಪಿಸಿದ್ದ ಅವನ್ನು ಆತ ಈಗ ನೋಡಲೇಬೇಕಾಯಿತು. ಆತನ ನಗೆ ಬಾಯಲ್ಲೇ ಕಹಿಯಾಯಿತು.

ಇಬ್ಬರೂ ಹೊರಗೆ ಬಂದರು. ಚಾಕು ಸೊಂಟ ಸೇರಿತ್ತು, ಕರವಸ್ತ್ರ ನಾಲ್ಕು ಮಡಿಕೆಯಾಗಿ ಮಗನ ಜೇಬು ಸೇರುತ್ತಿತ್ತು. ರಾಮಚಂದ್ರಪ್ಪ ಎದ್ದು ಮೊಣಕಾಲಿನ ಧೂಳು ಕೊಡವಿದ, ಆದರೆ ಕೆಳಗಲ್ಲ, ಅಂಗೈಗೆ.

"ಕಾರು ಪಸಂದಾಗೈತೆ ಬೀಗ್ರೇ. ನಮಗೆ ಒಪ್ಗೆ. ಇವತ್ತೇ ತಗೊಂಡೋಗ್ತೀವಿ. ಈ ಗಾಳೀಲಿ ಇಲ್ಲಿ ಯಾಕ್ ನಿಲ್ಬೇಕು, ಉದುರೋಗ್ತದೆ. ಉಡುಗೀದು ಶ್ರಾವಣದಾಗೆ ನೋಡ್ಕಂಡ್ರಾಯ್ತು, ಅದ್ಕೇನ್ ಅವಸ್ರ? ಇನ್ನೊಂದ್ ಮಾತು, ಅದೇ ದಿಬ್ಬದ ಮಣ್ಣು ಒಂದೆರಡು ಮೂಟೆ ಡಿಕ್ಕೀಗೆ ಆಕ್ಸಿಬಿಡಿ."

ಕೋದಂಡಪ್ಪನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಇಪ್ಪತ್ತೆಂಟು ವರ್ಷದ 'ಆಗ್ಲಿ' ಹಲ್ಲಿನವರೆಗೆ ಬಂದು ನಿಂತಿತು.

ವರಾಲು ತಟ್ಟೆಯನ್ನು ಬಾನೆಟ್ಟಿನ ಮೇಲೆ ಇಟ್ಟಳು. "ಅಪ್ಪಾ, ಕಾರನ್ನೇ ಹಿಂಗೆ ತಗಡು ಕಾಣೋವರ್ಗೂ ಕೆರೆದೋರು ನನ್ನ ಎಲ್ಲೀವರ್ಗೂ ಕೆರೀತಾರೆ? ನೀನೇ ಹೇಳು" ಎಂದಳು.

ಕೋದಂಡಪ್ಪ ಮದುಮಗನ ಕಡೆ ನೋಡಿದ. ಆ ಹುಡುಗ ಒಂದು ಮಾತು ಆಡಿದ್ದರೆ, ಕಡೇ ಪಕ್ಷ ನಾಚಿಕೊಂಡಿದ್ದರೆ, ಕೋದಂಡಪ್ಪ ಏನು ಮಾಡುತ್ತಿದ್ದನೋ. ಆದಿನಾರಾಯಣ ಜೇಬಿನ ಗುಂಡಿ ಹಾಕಿಕೊಂಡು, ಕರವಸ್ತ್ರ ಭದ್ರವಾಗಿದೆಯೇ ಎಂದು ಮೇಲಿನಿಂದ ತಟ್ಟಿ ನೋಡಿದ.

"ಆಗಲ್ಲ" ಎಂದ ಕೋದಂಡಪ್ಪ. ತನ್ನ ದನಿಗೆ ತಾನೇ ಬೆಚ್ಚಿದ.

"ಏನ್ ಆಗಲ್ಲ? ಮೂಟೇನಾ?"

"ಮೂಟೆ ಎಷ್ಟ್ ಬೇಕಾದ್ರೂ ತುಂಬ್ಕಂಡೋಗಿ. ದಿಬ್ಬ ಅಗಾ ಅಲ್ಲೇ ಐತೆ, ಅದೇನ್ ನಮ್ಮಪ್ಪಂದಲ್ಲ. ಕಾರು ಕೊಡಕ್ಕಾಗಲ್ಲ. ಮಗ್ಳುನ್ನೂ ಕೊಡಕ್ಕಾಗಲ್ಲ."

ರಾಮಚಂದ್ರಪ್ಪ ಕೂಗಾಡಿದ. ಆಡಿದ ಮಾತಿಗೆ ತಪ್ಪಿದವನು, ಆಷಾಢದಲ್ಲಿ ಮನೆಗೆ ಕರೆಸಿ ಅವಮಾನ ಮಾಡಿದವನು, ಚಿನ್ನ ಕಂಡ ಮೇಲೆ ಆಸೆಬುರುಕನಾದವನು ಎಂದೆಲ್ಲ ಬೈದ. ಕೊನೆಯ ಮಾತನ್ನು ಆತ ಮನಸಾರೆ ನಂಬಿಯೇ ಹೇಳಿದ್ದ. ಕಾಫಿಯನ್ನೂ ಮುಟ್ಟದೆ ಅಪ್ಪ ಮಗ ಹೊರಟರು. ಬಸ್ ನಿಲ್ದಾಣ ಮೂಡಲಿಗೆ, ಅವರು ಹೋದದ್ದು ಪಡುವಣಕ್ಕೆ, ದಿಬ್ಬದ ಕಡೆ. ಸಂಜೆ ಬಸ್ಸಿನಲ್ಲಿ ಇಬ್ಬರೂ ಬನಿಯನ್ನಿನಲ್ಲಿ ಕೂತಿದ್ದರು, ಅಂಗಿಗಳಲ್ಲಿ ಏನೋ ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು ಎಂದು ಪೆರುಮಾಳ್ ಆಮೇಲೆ ಮಾರಿಯಮ್ಮನ ಆಣೆ ಇಟ್ಟು ಹೇಳುತ್ತಿದ್ದ. ಜೀವನದಲ್ಲಿ ಮೊದಲ ಸಲ ತನ್ನ ಸುಳ್ಳೊಂದು ಫಲಿಸಿದಾಗ ಅದನ್ನು ಹಾಳುಮಾಡಿದರಲ್ಲ ಎಂದು ಅವನಿಗೆ ಕೋದಂಡಪ್ಪನ ಮೇಲೆ ಬಹಳ ದಿನ ಮುನಿಸಿತ್ತು.

ಮುನಿರತ್ನಮ್ಮ ತಲೆಯ ಮೇಲೆ ಕೈ ಹೊತ್ತು ಅತ್ತಳು. "ಕೂಡಿದ ಸಂಬಂಧ ಮುರ್ಕಂಡ್ರಲ್ಲ, ಜನಕ್ಕೆ ಏನ್ ಏಳ್ಲಿ ನಾನು?" ಎಂದು ಗಂಡನನ್ನೂ ಮಗಳನ್ನೂ ಕಾರನ್ನೂ ಸರದಿಯ ಮೇಲೆ ಬೈದಳು. ಬೈದು ಸುಸ್ತಾದ ಮೇಲೆ ಬಾನೆಟ್ಟಿನ ಮೇಲಿದ್ದ ಬೀಗರ ಪಾಲಿನ ಕಾಫಿಯನ್ನು ತಾನೇ ಕುಡಿದಳು. "ಆ ಮನುಷ್ಯ ಬಣ್ಣ ನೆಕ್ಕಿದ್ನಲ್ಲ! ನಾಳೆ ನನ್ ಮಗ್ಳು ಮಾಡಿದ ಸಾರ್ನ ಇನ್ನೆಂಗೆ ನೆಕ್ಕಿ ನೋಡ್ತಿದ್ನೋ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೊತ್ತು ಇಳಿದ ಮೇಲೆ ಕೋದಂಡಪ್ಪ ಟಬ್ಬಿನ ತಳದಲ್ಲಿ ಅಂಟಿಕೊಂಡಿದ್ದ ಬಣ್ಣವನ್ನು ಕೆರೆದು ಒಂದು ಚಿಪ್ಪಿಗೆ ಹಾಕಿಕೊಂಡು, ಕುಂಚ ಹಿಡಿದು ಕಾರಿನ ಹಿಂಬಾಗಿಲ ಹತ್ತಿರ ಕೂತ. ಅಂಗೈ ಅಗಲದ ಗಾಯ. ಮಜ್ಜಿಗೆ ಬಣ್ಣದ ನಡುವೆ ತಗಡು ಬೆತ್ತಲೆಯಾಗಿ ಕಾಣುತ್ತಿತ್ತು. ವರಾಲು ಬಂದು ಪಕ್ಕದಲ್ಲಿ ಕೂತಳು.

"ಅವ್ನುನ್ನ ಮಾತ್ರ ಯಾಕ್ ಬೈಯ್ಬೇಕು" ಎಂದ ಆತ, ಅವಳ ಮುಖ ನೋಡದೆ. "ಕೋಳಿಗೂಡಿಗೆ ಬಣ್ಣ ಬಳ್ದು, ಅದ್ರ ಜತೇಲಿ ನಿನ್ನುನ್ನೂ ಸಾಗಿಸಿಬಿಡಾಣ ಅಂತಿದ್ದೆ ನಾನು. ನಿನ್ ಕೈಯ್ಯಾಗೇ ಉಜ್ಜಿಸ್ದೆ."

ಆತ ಕುಂಚವನ್ನು ಬಣ್ಣದಲ್ಲಿ ಅದ್ದಿ ಬಾಗಿಲ ಹತ್ತಿರ ಒಯ್ದಾಗ, ವರಾಲು ಸುಲಿದ ಬೆರಳುಗಳಿಂದ ಆತನ ಮಣಿಕಟ್ಟು ಹಿಡಿದಳು.

"ಬಿಡಪ್ಪ, ಅದು ಹಂಗೇ ಇರ್ಲಿ. ಇನ್ಮೇಲೆ ಯಾರಾದ್ರೂ ನನ್ನ ನೋಡಕ್ಕೆ ಬಂದ್ರೆ, ಮೊದ್ಲು ಅವ್ರಿಗೆ ಇದನ್ನ ತೋರ್ಸು."